ಲೋಹದ ಪುಟ್ಟ ಯೋಧರು: ಎರಕದ ಗುಣಮಟ್ಟವನ್ನು ನಾನು ನೋಡುವ ಬಗೆ

ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆ ಬೇಕಾಗುವ ಲೋಹದ ಮಿನಿಯೇಚರ್‌ಗಳನ್ನು ನಾನು ಹಾಸನದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಕೊಂಡು, ಅರ ಹಾಕಿ, ಬಣ್ಣ ಹಚ್ಚುತ್ತ ಬಂದಿದ್ದೇನೆ. ಈಚೆಗೆ ಕೆಲವನ್ನು ನಾನೇ ಎರಕ ಹೊಯ್ಯುತ್ತಿದ್ದೇನೆ. ಬಣ್ಣವು ಬೊಂಬೆಯ ಅನೇಕ ದೋಷಗಳನ್ನು ದೂರದಿಂದ ನೋಡುವವರ ಕಣ್ಣಿಗೆ ಮರೆಮಾಡುತ್ತದೆ. ಆದುದರಿಂದ ಗುಣಮಟ್ಟವನ್ನು ಬರಿಯ ಲೋಹದಲ್ಲೇ, ಕಿಟಕಿಯ ಬೆಳಕಿನಲ್ಲಿ ತಿರುಗಿಸುತ್ತ ನೋಡಬೇಕು. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಲೋಹ ಯಾವುದು, ತೂಕ ಎಷ್ಟು ಎಂದು ಮೊದಲು ಕೇಳುತ್ತಾರೆ. ನಾನು ಮೊದಲು ನೋಡುವುದು ಅಚ್ಚಿನ ಎರಡು ಹೋಳುಗಳು ಬೊಂಬೆಯ ಮೈಮೇಲೆ ಎಲ್ಲಿ ಕೂಡಿದ್ದವು ಎಂಬುದನ್ನು.

ಕಾರ್ಖಾನೆಯ ಬೊಂಬೆಗಳು ಸಾಮಾನ್ಯವಾಗಿ ರಬ್ಬರಿನ ಬಿಲ್ಲೆಯಾಕಾರದ ಅಚ್ಚಿನಲ್ಲಿ ಹುಟ್ಟುತ್ತವೆ. ಶಿಲ್ಪಿ ಎಪಾಕ್ಸಿ ಪುಟ್ಟಿಯಲ್ಲಿ (ಕಲಸಿದ ಮೇಲೆ ಗಟ್ಟಿಯಾಗುವ ಹಿಟ್ಟಿನಂಥ ವಸ್ತು) ತಿದ್ದಿದ ಮೂಲರೂಪವನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಇಟ್ಟು, ಶಾಖ ಮತ್ತು ಒತ್ತಡ ಕೊಟ್ಟು ವಲ್ಕನೈಸ್ ಮಾಡುತ್ತಾರೆ, ಎಂದರೆ ಮೆತ್ತಗಿನ ರಬ್ಬರನ್ನು ಗಟ್ಟಿಗೊಳಿಸುತ್ತಾರೆ. ಮೂಲರೂಪ ಹಲವೊಮ್ಮೆ ಈ ಹಂತದಲ್ಲೇ ಹಾಳಾಗುವುದರಿಂದ, ಅದರಿಂದ ತೆಗೆದ ಮೊದಲ ಲೋಹದ ಪ್ರತಿಗಳನ್ನೇ ಮಾದರಿಯಾಗಿಟ್ಟು ಉತ್ಪಾದನೆಯ ಅಚ್ಚುಗಳನ್ನು ಮಾಡುತ್ತಾರೆ. ಆ ಅಚ್ಚನ್ನು ವೇಗವಾಗಿ ತಿರುಗಿಸುತ್ತ ನಡುವಿನ ಕಿಂಡಿಗೆ ಕರಗಿದ ಲೋಹ ಹೊಯ್ದಾಗ, ಸುತ್ತುವ ಬಲವೇ ಅದನ್ನು ಬೆರಳ ತುದಿ, ಕತ್ತಿಯ ಮೊನೆಗಳವರೆಗೂ ತಳ್ಳುತ್ತದೆ.

ಎರಡು ಹೋಳುಗಳ ಅಚ್ಚು ಇದ್ದಲ್ಲಿ ಕೂಡುಗೆರೆ ಇದ್ದೇ ಇರುತ್ತದೆ; ಅದಿಲ್ಲದ ಬೊಂಬೆಯನ್ನು ನಾನು ಕಂಡಿಲ್ಲ, ನಿರೀಕ್ಷಿಸುವುದೂ ಇಲ್ಲ. ಗೆರೆ ಎಲ್ಲಿ ಹಾದಿದೆ ಎಂಬುದರಲ್ಲಿ ಮಾತ್ರ ತಯಾರಕರ ಶ್ರದ್ಧೆ ತಿಳಿಯುತ್ತದೆ. ನುಣುಪಾದ ಮೇಲುಹೊದಿಕೆಯ ಅಂಚಿನಲ್ಲೋ, ತೋಳಿನ ಹೊರಬದಿಯಲ್ಲೋ, ಕಾಲಿನ ಪಕ್ಕದಲ್ಲೋ ಹಾದಿದ್ದರೆ ಸಣ್ಣ ಅರದಿಂದ ನಾಲ್ಕು ಬಾರಿ ಉಜ್ಜಿದರೆ ಸಾಕು. ಅದೇ ಗೆರೆ ಕೂದಲಿನ ಎಳೆಗಳ ಮೇಲೆ, ಸರಪಳಿ ಕವಚದ ಉಂಗುರಗಳ ಮೇಲೆ ಅಥವಾ ಮೂಗು-ಕೆನ್ನೆಯ ಅಡ್ಡಕ್ಕೆ ಹಾದಿದ್ದರೆ, ಗೆರೆಯ ಜೊತೆಗೆ ಕೆಳಗಿನ ಕೆತ್ತನೆಯೂ ಅರಕ್ಕೆ ಸಿಕ್ಕಿ ಅಳಿಯುತ್ತದೆ, ಅದನ್ನು ಮತ್ತೆ ಕೊರೆದು ಮೂಡಿಸುವುದು ಬಲು ಕಷ್ಟ. ಇನ್ನೂ ಕೆಟ್ಟ ದೋಷವೆಂದರೆ ಅಚ್ಚಿನ ಹೋಳುಗಳು ಜರುಗಿ ಮುಖದ ಮುಂಭಾಗ ಹಿಂಭಾಗಕ್ಕೆ ಸರಿಹೊಂದದೆ ಮೆಟ್ಟಿಲಿನಂತೆ ನಿಲ್ಲುವುದು. ಬೆರಳ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆದರೆ ಇದು ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಜರುಗಿದ ಬೊಂಬೆಯನ್ನು ನಾನು ಹಿಂದಿರುಗಿಸುತ್ತೇನೆ, ಏಕೆಂದರೆ ಅರದಿಂದ ಅದನ್ನು ಸರಿಪಡಿಸಲಾಗದು. ಅಚ್ಚಿನಿಂದ ಹೊರಚೆಲ್ಲಿದ ತೆಳುವಾದ ಲೋಹದ ಹಾಳೆ ಎಷ್ಟೇ ಇದ್ದರೂ ನನಗೆ ಚಿಂತೆಯಿಲ್ಲ, ಅದನ್ನು ಚಾಕುವಿನಿಂದ ಕತ್ತರಿಸಬಹುದು.

ರಬ್ಬರ್ ಅಚ್ಚು ಸವೆಯುತ್ತದೆ. ಬಿಸಿ ಲೋಹವನ್ನು ಮತ್ತೆ ಮತ್ತೆ ಹೊಯ್ದು ಬಿಡಿಸುವಾಗ ಅದರ ಚೂಪಾದ ಅಂಚುಗಳು ಹರಿಯುತ್ತವೆ, ಆಳವಾದ ಮೂಲೆಗಳು ಒಡೆಯುತ್ತವೆ. ಕಣ್ಣುಗುಡ್ಡೆ ಮತ್ತು ರೆಪ್ಪೆಯ ನಡುವಿನ ಗೀರು ಮುಚ್ಚಿಹೋಗಿದ್ದರೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಅದು ಮುದಿಯಾದ ಅಚ್ಚಿನಿಂದ ಬಂದದ್ದೆಂದು ನಾನು ತಿಳಿಯುತ್ತೇನೆ. ಮಾರಾಟದ ಬೊಂಬೆಯನ್ನೇ ಮಾದರಿಯಾಗಿಟ್ಟು ಅನುಮತಿಯಿಲ್ಲದೆ ಪ್ರತಿ ತೆಗೆಯುವವರೂ ಇದ್ದಾರೆ. ತಣಿಯುವಾಗ ಲೋಹ ಕುಗ್ಗುವುದರಿಂದ ಅಂಥ ಪ್ರತಿ ಮೂಲಕ್ಕಿಂತ ತುಸು ಗಿಡ್ಡವಾಗಿರುತ್ತದೆ, ಕೆತ್ತನೆಯೂ ಮೊಂಡಾಗಿರುತ್ತದೆ. ಒಂದೇ ಬೊಂಬೆಯ ಎರಡು ಪ್ರತಿಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಆದರೆ ಎತ್ತರ 28 ಮಿ.ಮೀ. ಎಂದು ಬರೆದಿರುವ ಎರಡು ಬೇರೆ ಕಂಪನಿಗಳ ಬೊಂಬೆಗಳನ್ನು ಹೀಗೆ ಹೋಲಿಸಬಾರದು; ಕೆಲವರು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ.

ಇನ್ನು ಲೋಹದ ವಿಷಯ. ಹಳೆಯ ಬೊಂಬೆಗಳಲ್ಲಿ ಸೀಸದ ಪಾಲು ಹೆಚ್ಚು. ಅಮೆರಿಕದ ರಾಲ್ ಪಾರ್ಥಾ ಕಂಪನಿ 1993ರಲ್ಲಿ ಸೀಸವಿಲ್ಲದ ಮಿಶ್ರಲೋಹಕ್ಕೆ ಬದಲಾಯಿಸಿತು, ಬೇರೆ ತಯಾರಕರೂ ಕ್ರಮೇಣ ತವರದ ಕಡೆಗೆ ಸರಿದರು. ತವರಕ್ಕೆ ಸ್ವಲ್ಪ ಆಂಟಿಮೊನಿ ಬೆರೆತರೆ ಎರಕ ಗಟ್ಟಿಯಾಗುತ್ತದೆ, ಕೆತ್ತನೆ ಚೂಪಾಗಿ ಮೂಡುತ್ತದೆ. ಸೀಸದ ಈಟಿ ಬೆರಳು ತಗುಲಿದರೆ ಬಗ್ಗುತ್ತದೆ. ತೂಕವನ್ನು ಗುಣವೆಂದು ಎಣಿಸುವವರು ನೆನಪಿಡಬೇಕಾದದ್ದು, ಸೀಸದ ಸಾಂದ್ರತೆ ನೀರಿನ 11.3 ಪಟ್ಟು, ತವರದ್ದು 7.3 ಪಟ್ಟು. ಅಂಗೈಗೆ ಹಿತವೆನಿಸುವ ಆ ಭಾರ ಸೀಸದ್ದೇ ಇರಬಹುದು, ಅದರ ಅರದ ಪುಡಿ ಮನೆಯ ಮಕ್ಕಳಿರುವ ಕಡೆ ಬೀಳಬಾರದು. ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯೂ ಮಳೆಗಾಲದ ತೇವವೂ ಸೇರಿದರೆ ಸೀಸದ ಮೇಲೆ ಬಿಳಿಯ ಪುಡಿ ಏಳುತ್ತದೆ, ಅದು ಸೀಸದ ಕಾರ್ಬೊನೇಟ್, ಬೊಂಬೆಯನ್ನು ತಿನ್ನುತ್ತ ಹೋಗುತ್ತದೆ. ಸಕಲೇಶಪುರದ ಮಿತ್ರರೊಬ್ಬರು ಮರದ ಬೀರುವಿನಲ್ಲಿಟ್ಟಿದ್ದ ಹಳೆಯ ಕುದುರೆ ಸವಾರರಲ್ಲಿ ಇದನ್ನು ನೋಡಿದ ಮೇಲೆ, ಹಳೆಯ ಬೊಂಬೆಗಳನ್ನೆಲ್ಲ ಉಕ್ಕಿನ ಬೀರುವಿನಲ್ಲಿ ಗಾಳಿಯಾಡುವಂತೆ ಇಡಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ನನ್ನ ಎರಕಕ್ಕೆ ತವರ ಸಿಕ್ಕಿದ್ದು ಪಾತ್ರೆಗಳಿಗೆ ಕಲಾಯಿ ಹಾಕುವ ಹಿರಿಯರೊಬ್ಬರಿಂದ. “ಕಿವಿ ಹತ್ರ ಹಿಡ್ಕೊಂಡು ಬಗ್ಸಿ ನೋಡಿ ಸ್ವಾಮಿ, ಚಿರ್ ಅನ್ಬೇಕು” ಎಂದರು ಅವರು. ಶುದ್ಧ ತವರದ ಕಡ್ಡಿ ಬಗ್ಗಿಸಿದಾಗ ಒಳಗಿನ ಹರಳುಗಳು ಜರುಗಿ ನಿಜವಾಗಿಯೂ ಹಾಗೆ ಸದ್ದಾಗುತ್ತದೆ. ಸೀಸ ಹೆಚ್ಚಾದಂತೆ ಸದ್ದು ಅಡಗುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಶಾಖ ತಾಳುವ ಸಿಲಿಕೋನ್ ಅಚ್ಚು ಸಾಕಾಗುತ್ತದೆ.

ನಾನು ಮಾಡಹೊರಟದ್ದು ಹೊಯ್ಸಳ ಕಾಲದ ಪಡೆಯನ್ನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಸಾಲುಸಾಲಾಗಿ ಸಾಗುವ ಆನೆಗಳೂ ಕುದುರೆ ಸವಾರರೂ ಒಳ್ಳೆಯ ಮಾದರಿ. ಆದರೆ ಅಲ್ಲಿಯ ಶಿಲ್ಪಿಗೆ ಇದ್ದ ಸ್ವಾತಂತ್ರ್ಯ ಅಚ್ಚು ಮಾಡುವವನಿಗಿಲ್ಲ. ಬಳಪದ ಕಲ್ಲಿನಲ್ಲಿ ಉಳಿ ಆಭರಣದ ಹಿಂಬದಿಗೂ ಹೋಗಿ ಪೊಳ್ಳು ಮಾಡಬಲ್ಲದು. ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಇದು ಗೊತ್ತು. ಅಚ್ಚಿನಲ್ಲಿ ಹಾಗೆ ಒಳಸೇರಿದ ಜಾಗವಿದ್ದರೆ ಸಿಲಿಕೋನ್ ಅಲ್ಲಿ ಕಚ್ಚಿಕೊಂಡು, ಬೊಂಬೆ ಬಿಡಿಸುವಾಗ ಹರಿಯುತ್ತದೆ. ಹೀಗಾಗಿ ಪುಟ್ಟಿಯಲ್ಲಿ ತಿದ್ದುವಾಗಲೇ ಕೂಡುಗೆರೆಯ ದಾರಿಯನ್ನು ಪೆನ್ಸಿಲಿನಲ್ಲಿ ಗುರುತಿಸಿ, ಗುರಾಣಿ ಹಿಡಿದ ಕೈಯನ್ನು ಮೈಗೆ ಒತ್ತಿ, ಎತ್ತಿದ ತೋಳನ್ನು ಬೇರೆ ತುಂಡಾಗಿ ಮಾಡಿದೆ. ನನ್ನಲ್ಲಿ ತಿರುಗುವ ಯಂತ್ರವಿಲ್ಲ. ಲೋಹ ತನ್ನ ಭಾರದಿಂದಲೇ ಇಳಿಯಬೇಕು. ಅದಕ್ಕಾಗಿ ಹೊಯ್ಯುವ ಕೊಳವೆಯನ್ನು ಎತ್ತರವಾಗಿಟ್ಟು, ಗಾಳಿ ಸಿಕ್ಕಿಕೊಳ್ಳುವ ಮೊಣಕೈ, ಗದ್ದ, ಕುದುರೆಯ ಗೊರಸುಗಳಿಂದ ಹೊರಗೆ ಸಣ್ಣ ಕಾಲುವೆಗಳನ್ನು ಬ್ಲೇಡಿನಿಂದ ಕೊರೆದು, ಟಾಲ್ಕಂ ಪೌಡರ್ ಉದುರಿಸಿ ಕೊಡವುತ್ತೇನೆ. ಆ ಪುಡಿ ಇದ್ದರೆ ಲೋಹ ಸಣ್ಣ ಸಂದುಗಳಿಗೂ ಹರಿಯುತ್ತದೆ. ತಣ್ಣಗಿನ ಅಚ್ಚಿನಲ್ಲಿ ಲೋಹ ದಾರಿಯಲ್ಲೇ ಗಟ್ಟಿಯಾಗುವುದರಿಂದ, ಮೊದಲ ಕೆಲವು ಎರಕಗಳನ್ನು ಅಚ್ಚು ಬಿಸಿಯಾಗಲೆಂದೇ ಹೊಯ್ದು ಮತ್ತೆ ಕರಗಿಸುತ್ತೇನೆ. ಒದ್ದೆಯ ಸುಳಿವಿದ್ದರೂ ಲೋಹ ಸಿಡಿಯುತ್ತದೆ. ಅಡುಗೆಮನೆಯಿಂದ ದೂರ, ಕನ್ನಡಕ ಮತ್ತು ಚರ್ಮದ ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಈಟಿಗಳನ್ನು ನಾನು ಎರಕ ಹೊಯ್ಯುವುದಿಲ್ಲ. ಮುಷ್ಟಿಯಲ್ಲಿ ತೂತು ಕೊರೆದು, ತುದಿಯನ್ನು ಬಡಿದು ಚಪ್ಪಟೆ ಮಾಡಿದ ಉಕ್ಕಿನ ತಂತಿಯನ್ನು ತೂರಿಸುತ್ತೇನೆ. ಕೊಂಡ ಬೊಂಬೆಗಳಿಗೂ ಇದನ್ನೇ ಮಾಡುವುದುಂಟು. ಬೇರೆ ತುಂಡಾಗಿ ಬಂದ ತೋಳನ್ನು ಫೆವಿಕ್ವಿಕ್ ಒಂದರಿಂದಲೇ ಅಂಟಿಸಿದರೆ ಕೆಳಗೆ ಬಿದ್ದ ದಿನವೇ ಕಳಚುತ್ತದೆ. ಒಳಗೆ ಒಂದು ಮಿ.ಮೀ. ದಪ್ಪದ ತಂತಿಯ ಗೂಟ ಇರಲೇಬೇಕು. ಪ್ರೈಮರ್‌ಗೆ ಮುಂಚೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಪ್ರೈಮರ್ ಮುಟ್ಟದೆ ಕುಂಚದಿಂದಲೇ ಹಚ್ಚುತ್ತೇನೆ, ತೇವದ ಗಾಳಿಯಲ್ಲಿ ಸ್ಪ್ರೇ ಮಬ್ಬಾಗಿ ಕೂರುತ್ತದೆ.

ಸದ್ಯ ಕೈಯಲ್ಲಿರುವುದು ಆನೆ. ಇಷ್ಟು ದಪ್ಪದ ಮೈಯನ್ನು ಗಟ್ಟಿಯಾಗಿ ಹೊಯ್ದರೆ ನಡುಭಾಗ ಕೊನೆಗೆ ತಣಿದು ಕುಗ್ಗುವಾಗ ಹೊಟ್ಟೆಯ ಬದಿ ಒಳಗೆ ಕುಸಿಯುತ್ತದೆ. ಆದ್ದರಿಂದ ಮೈಯನ್ನು ಎಡ-ಬಲ ಎರಡು ಪೊಳ್ಳು ಹೋಳುಗಳಾಗಿ ಮಾಡಿ, ಅವು ಸೇರುವ ಗೆರೆಯನ್ನು ಬೆನ್ನಿನ ಮೇಲೆ ಹೊದಿಸುವ ಜೂಲಿನ ಕೆಳಗೆ ಬರುವಂತೆ ಗುರುತು ಹಾಕಿದ್ದೇನೆ; ಸೊಂಡಿಲು ಬೇರೆಯ ಅಚ್ಚಿಗೆ ಹೋಗಲಿದೆ.