ಮೂರು ಅಲೈನ್‌ಮೆಂಟ್ ಆದಮೇಲೆ ತೂಗುಗುಂಡು ಹಿಡಿದೆ

"ಟೇಪು, ದಾರ ಹಿಡ್ಕೊಂಡು ಸಸ್ಪೆನ್ಷನ್ ನೋಡ್ತೀಯಾ? ಮನೆಗೆ ಪಾಯ ಹಾಕ್ತಿದೀಯೇನು?" ಎಂದು ನಕ್ಕಿದ್ದ ಗೆಳೆಯನ ಕೈಗೆ ಕೊನೆಗೆ ಬಾಗಿದ ಲೋವರ್ ಆರ್ಮನ್ನೇ (ಚಕ್ರದ ಬುಡವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು) ಇಟ್ಟೆ. ಆಮೇಲೆ ಅವನು ಮಾತಾಡಲಿಲ್ಲ.

ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ನನ್ನ ಕಾರಿನ ಎಡ ಮುಂಚಕ್ರ ಫುಟ್‌ಪಾತಿನ ಅಂಚುಕಲ್ಲಿಗೆ ಓರೆಯಾಗಿ ಬಡಿದಿತ್ತು. ವೇಗ 30ರ ಆಸುಪಾಸು ಇದ್ದಿರಬೇಕು. ಟಯರಿನ ಪಕ್ಕದಲ್ಲಿ ಮೊಟ್ಟೆಯಂಥ ಉಬ್ಬು ಎದ್ದಿತ್ತು. ಅದರಲ್ಲಿ ಚೌಕಾಸಿಯಿಲ್ಲ, ಒಳಗಿನ ನೂಲು ಹರಿದಿರುತ್ತದೆ, ಅವತ್ತೇ ಬದಲಾಯಿಸಿದೆ. ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಮಾಡುವುದು, ಮಾಡಿಸಿದೆ. ಯಂತ್ರದ ಪರದೆಯ ಮೇಲೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹಸಿರಾಯಿತು, ಅಂದರೆ ಸರಿಯಾಯಿತು, ಗಾಡಿ ಎಳೆಯುವುದು ನಿಲ್ಲಲಿಲ್ಲ. ಮತ್ತೊಂದು ಕಡೆ ಮಾಡಿಸಿದೆ, ಅಲ್ಲೂ ಅದೇ ಹಸಿರು. ಮೂರನೆಯವರು ಬೇರಿಂಗ್ ಹೋಗಿದೆ ಅಂದರು, ಹೊಸದು ಹಾಕಿಸಿ ಇನ್ನೊಮ್ಮೆ ಅಲೈನ್‌ಮೆಂಟ್. ಹಳೆಯ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗಿತ್ತು! ಇಷ್ಟಕ್ಕೆಲ್ಲ ಸುರಿದ ದುಡ್ಡಿನಲ್ಲಿ ಎರಡು ಲೋವರ್ ಆರ್ಮ್ ಬಂದು ಮಿಗುತ್ತಿತ್ತು. ಅಷ್ಟರಲ್ಲಿ ಹೊಸ ಟಯರಿನ ಹೊರ ಅಂಚು ಸವೆಯತೊಡಗಿತ್ತು.

ಜಾಕ್ ಹಾಕಿ ಚಕ್ರವನ್ನು ಮೇಲೆ-ಕೆಳಗೆ, ಎಡ-ಬಲ ಹಿಡಿದು ಅಲುಗಿಸುವುದನ್ನು ನಾನೂ ಮಾಡಿದ್ದೆ. ಎಲ್ಲೂ ಸಡಿಲವಿರಲಿಲ್ಲ. ನಾನು ಮೋಸಹೋದದ್ದು ಅಲ್ಲೇ. ಸವೆದ ಜಾಯಿಂಟ್ ಅಲುಗುತ್ತದೆ, ಬಾಗಿದ ಕಬ್ಬಿಣ ಅಲುಗುವುದಿಲ್ಲ.

ಒಂದು ಭಾನುವಾರ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟಯರಿನ ಗಾಳಿ ಸರಿಮಾಡಿ, ಪ್ರತಿ ಚಕ್ರದ ನಡುಮಧ್ಯದಿಂದ ತೂಗುಗುಂಡು (ದಾರದ ತುದಿಗೆ ಕಟ್ಟಿದ ಭಾರ) ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮುಂದಿನ ಗುರುತಿನಿಂದ ಹಿಂದಿನದಕ್ಕೆ ಟೇಪು ಹಿಡಿದರೆ ಬಲಕ್ಕಿಂತ ಎಡ 20 ಮಿ.ಮೀ.ಗೂ ಮೇಲೆ ಕಡಿಮೆ! ಖುಷಿಯಾಯಿತು. ಗಾಡಿಯನ್ನು ತಳ್ಳಿ ಮತ್ತೆ ಅಳೆದರೆ 6. ಅಲ್ಲಿಗೆ ಖುಷಿ ಮುಗಿಯಿತು. ಮೊದಲ ಸಲ ಜಾಕ್‌ನಿಂದ ಇಳಿಸಿದವನು ಗಾಡಿಯನ್ನು ಉರುಳಿಸದೆಯೇ ಅಳೆದಿದ್ದೆ, ಎರಡನೇ ಸಲ ಸ್ಟೀರಿಂಗ್ ಸೊಟ್ಟಗಿತ್ತು. ಹತ್ತಡಿ ಹಿಂದೆ-ಮುಂದೆ ಉರುಳಿಸಿ, ಬಾನೆಟ್ ಒತ್ತಿ ಸ್ಪ್ರಿಂಗ್ ಕೂರಿಸಿ, ಸ್ಟೀರಿಂಗ್ ನೇರ ಕಟ್ಟಿದ ಮೇಲೆ ಮೂರು ಸಲ ಅಳೆದೆ. 12, 14, 13. ಸ್ಟೀರಿಂಗ್ ಕೂದಲೆಳೆಯೂ ಅಲುಗದಂತೆ ಕಟ್ಟಲು ನಾನು ಏನು ಬಳಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೇ ಎರಡು ಭಾನುವಾರ ಹೋಗಿವೆ.

(ಎಡ-ಬಲ ಸಮ ಇರಲೇಬೇಕು ಅಂತಿಲ್ಲ. ಹಳೆಯ ರೆನೋ 4 ಕಾರಿನಲ್ಲಿ ಹಿಂದಿನ ಟಾರ್ಷನ್ ಬಾರ್‌ಗಳು, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳು, ಅಡ್ಡಡ್ಡ, ಒಂದರ ಹಿಂದೊಂದು ಕೂತಿದ್ದರಿಂದ ಸುಮಾರು 48 ಮಿ.ಮೀ. ವ್ಯತ್ಯಾಸ ಹುಟ್ಟಿನಿಂದಲೇ ಇತ್ತು. ನನ್ನ ಗಾಡಿಗೆ ಅಂಥ ನೆಪವಿಲ್ಲ.)

ಅದೇ ದಾರವನ್ನು ರಿಮ್ಮಿನ ಮೇಲಂಚಿಗೆ ತಾಗಿಸಿ ಇಳಿಬಿಟ್ಟು ಕೆಳ ಅಂಚಿನ ಸಂದು ನೋಡಿದೆ. 16 ಇಂಚಿನ ರಿಮ್ಮಿನಲ್ಲಿ 1 ಡಿಗ್ರಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಂದರೆ ಏಳು ಏಳೂವರೆ ಮಿ.ಮೀ. ಬಲಕ್ಕಿಂತ ಎಡಚಕ್ರದ ಬುಡ 5 ಮಿ.ಮೀ. ಒಳಗೆ ಹೋಗಿತ್ತು. ಬುಡ ಹಿಂದಕ್ಕೂ ಒಳಕ್ಕೂ ಸರಿದಿದೆ ಅಂದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನ) ಕಡಿಮೆಯಾಗಿದೆ, ಗಾಡಿ ಆ ಕಡೆಗೇ ಎಳೆಯುತ್ತದೆ, ಚಕ್ರದ ತಲೆ ಹೊರಕ್ಕೆ ವಾಲಿ ಹೊರ ಅಂಚು ಸವೆಯುತ್ತದೆ. ಎಲ್ಲ ಒಂದಕ್ಕೊಂದು ಕೂತಿತು. ಟೈ ರಾಡ್ (ಟೋ ಹೊಂದಿಸುವ ಸ್ಟೀರಿಂಗ್ ಸರಳು) ನೋಡಿದರೆ ಎಡಗಡೆ ಲಾಕ್ ನಟ್ಟಿನಾಚೆ ಬಲಕ್ಕಿಂತ ಐದು ಮರೆ (ತಿರುಪಿನ ಸುತ್ತು) ಹೆಚ್ಚು ಕಾಣುತ್ತಿದ್ದವು. ಪರದೆಯ ಹಸಿರು ಬಂದದ್ದು ಅಲ್ಲಿಂದ! "ಕ್ಯಾಂಬರ್ ಈ ಗಾಡೀಲಿ ಅಡ್ಜಸ್ಟ್ ಬರಲ್ಲ" ಎಂದು ಮೂವರೂ ಹೇಳಿದ್ದರು. ಬರಲ್ಲ, ನಿಜ. ಬರದಿದ್ದರೂ ಯಾಕೆ ಬದಲಾಯಿತು ಅಂತ ಒಬ್ಬರೂ ಕೇಳಲಿಲ್ಲ.

ನಡುವೆ ರಿಮ್ಮಿನ ಮೇಲೂ ಅನುಮಾನ ಬಂತು. ಆ ಚಕ್ರದ ಗಾಳಿ ಎರಡು ದಿನಕ್ಕೆ 4-5 ಪಿ.ಎಸ್.ಐ. ಇಳಿಯುತ್ತಿತ್ತು. ಒಳಮೈಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದೆ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿತು, ಎದೆ ಧಸಕ್ಕೆಂದಿತು. ಉಗುರಿನಲ್ಲಿ ಕೆರೆದರೆ ಬಣ್ಣದ ಪೊರೆಯ ಬಿರುಕು ಅಷ್ಟೆ. ಸೋರುತ್ತಿದ್ದದ್ದು ಬಾಗಿದ ಒಳ ಅಂಚಿನಲ್ಲಿ, ಸೋಪುನೀರು ಹಾಕಿದ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಅದನ್ನೇ ಮೊದಲು ಮಾಡಬೇಕಿತ್ತು.

ಲೋವರ್ ಆರ್ಮ್ ಗಾಡಿಯಲ್ಲಿದ್ದಾಗ ನೆಟ್ಟಗೇ ಕಾಣುತ್ತಿತ್ತು. ಬಿಚ್ಚಿ ಹೊಸದರ ಪಕ್ಕ ನೆಲದ ಮೇಲಿಟ್ಟಾಗ ಚಕ್ರದ ಕಡೆಯ ಬಾಲ್ ಜಾಯಿಂಟಿನ ಹತ್ತಿರ ಹೆಬ್ಬೆರಳಿನಷ್ಟು ತಿರುಚಿದ್ದು, ಗಾಡಿಯ ಕಡೆಯ ರಬ್ಬರ್ ಬುಷ್ಷಿನ ಪಕ್ಕ ಬಣ್ಣ ಸೀಳಿದ್ದು ಕಂಡಿತು. ಹೊಸದನ್ನು ಹಾಕುವಾಗ ಇನ್ನೊಂದು ತಪ್ಪು ಮಾಡಿದೆ. ಚಕ್ರ ನೇತಾಡುತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿದುಬಿಟ್ಟೆ. ಗಾಡಿ ಎಡಗಡೆ ಬೆರಳಗಲ ಎತ್ತರ ನಿಂತಿತು! ಸಡಿಲಿಸಿ, ಗಾಡಿಯ ಭಾರವನ್ನು ಚಕ್ರದ ಮೇಲೆ ಬಿಟ್ಟು ಮತ್ತೆ ಬಿಗಿದೆ.

ನಾಲ್ಕನೆಯ ಅಲೈನ್‌ಮೆಂಟ್ ಹದಿನೈದು ನಿಮಿಷದಲ್ಲಿ ಮುಗಿಯಿತು. ಎಡ-ಬಲ ವ್ಯತ್ಯಾಸ ಈಗ 2 ಮಿ.ಮೀ. ಐದಾರು ಸಾವಿರ ಕಿ.ಮೀ. ಓಡಿಸಿದ್ದೇನೆ, ಟಯರ್ ಸಮನಾಗಿ ಸವೆಯುತ್ತಿದೆ. ಆ ರಿಮ್ಮನ್ನು ನೆಟ್ಟಗೆ ಮಾಡಿಸಿ ಹಿಂದಕ್ಕೆ ಹಾಕಿದ್ದೇನೆ. 90 ದಾಟಿದರೆ ಸೀಟಿನಡಿ ಇನ್ನೂ ಸಣ್ಣಗೆ ನಡುಗುತ್ತದೆ, ಹೊಸ ರಿಮ್ಮಿಗೆ ಸದ್ಯಕ್ಕೆ ಕಾಸಿಲ್ಲ.