ಸೈಕಲ್ ಪಥದಲ್ಲಿ ದಾರಿ ಬಿಟ್ಟವರು ಯಾರು: ಹೊರ ವರ್ತುಲ ರಸ್ತೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿಲೋಮೀಟರ್ ಉದ್ದದ ತಾತ್ಕಾಲಿಕ ಸೈಕಲ್ ಪಥವೊಂದನ್ನು 2020ರಲ್ಲಿ ರೂಪಿಸಲಾಯಿತು. ನಗರ ಭೂಸಾರಿಗೆ ನಿರ್ದೇಶನಾಲಯ ಮುಂದೆ ನಿಂತು ಮಾಡಿಸಿದ ಕೆಲಸ ಅದು. ಹಿಂದಿನ ವರ್ಷವಷ್ಟೇ ಇದೇ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳಿಗಾಗಿ ಪ್ರತ್ಯೇಕ ಪಥ ಬಂದಿತ್ತು. ಹೀಗಾಗಿ ನಿಲ್ದಾಣಕ್ಕೆ ಬರುವ ಬಸ್ಸು, ಸರ್ವಿಸ್ ರಸ್ತೆಯ ಕಡೆಗೆ ತಿರುಗುವ ಕಾರು, ಸಂದಿ ಸಿಕ್ಕಲ್ಲಿ ನುಗ್ಗುವ ಸ್ಕೂಟರು, ಬಸ್ಸಿಗೆ ಓಡುವ ಪ್ರಯಾಣಿಕ, ಇವರೆಲ್ಲರ ನಡುವೆ ಪಥದ ಅಂಚಿಗೆ ನೆಟ್ಟ ಗಿಡ್ಡ ಕಂಬಗಳ, ಅಂದರೆ ಬೊಲಾರ್ಡ್‌ಗಳ ಸಾಲನ್ನು ನಂಬಿಕೊಂಡು ಸಾಗುವ ಸೈಕಲ್ ಸವಾರ, ಎಲ್ಲರೂ ರಸ್ತೆಯ ಒಂದೇ ಅಂಚಿನಲ್ಲಿ ಸಂಧಿಸುವಂತಾಯಿತು. ಸಾರಿಗೆ ಎಂಜಿನಿಯರಿಂಗ್ ಕಲಿಸುವವನಾಗಿ, ಅದಕ್ಕಿಂತ ಹೆಚ್ಚಾಗಿ ಇಪ್ಪತ್ತು ವರ್ಷಗಳಿಂದ ಇದೇ ಊರಿನಲ್ಲಿ ಸೈಕಲ್ ತುಳಿಯುತ್ತಿರುವವನಾಗಿ, ಈ ಸಂಧಿಸುವಿಕೆ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಅಳೆದು ನೋಡಬೇಕೆಂದು ನನಗೆ ಅನಿಸಿತು. ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಸೇರಿಸಿಕೊಂಡು ಕೆಲಸ ಆರಂಭಿಸಿದೆ.

ಅಪಘಾತಗಳ ದಾಖಲೆಯಿಂದಲೇ ಏಕೆ ತೊಡಗಲಿಲ್ಲ ಎಂದು ಹಲವರು ಕೇಳಿದ್ದಾರೆ. ಸೈಕಲ್ ಸವಾರನೊಬ್ಬ ಸ್ಕೂಟರ್ ತಾಗಿ ಬಿದ್ದರೆ, ಮಂಡಿ ತರಚಿದ್ದನ್ನು ಒರೆಸಿಕೊಂಡು, ಬಾಗಿದ ಹ್ಯಾಂಡಲನ್ನು ಕಾಲುಗಳ ನಡುವೆ ಹಿಡಿದು ನೆಟ್ಟಗೆ ಮಾಡಿಕೊಂಡು ಹೊರಟುಬಿಡುತ್ತಾನೆ. ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ದಾಖಲೆಗೆ ಬರುವುದು ಆಸ್ಪತ್ರೆಯವರೆಗೆ ಹೋದ ಘಟನೆ ಮಾತ್ರ, ಮತ್ತು ಒಂದು ಚಿಕ್ಕ ಪಥದ ಮಟ್ಟಿಗೆ ಅಂಥವು ಇಷ್ಟು ಕಡಿಮೆ ಇರುತ್ತವೆಂದರೆ ಅವುಗಳಿಂದ ಏನನ್ನೂ ನಿರ್ಣಯಿಸಲು ಆಗುವುದಿಲ್ಲ. ಈ ತೊಡಕು ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಸಂಶೋಧಕರು ಅಪಘಾತಕ್ಕೆ ಬದಲಾಗಿ 'ತಪ್ಪಿದ ಅಪಘಾತ'ಗಳನ್ನು, ಅಂದರೆ ಥಟ್ಟನೆ ಬ್ರೇಕ್ ಹಾಕಿದ ಅಥವಾ ಪಕ್ಕಕ್ಕೆ ಸರಿದ ಘಟನೆಗಳನ್ನು, ಎಣಿಸುವ ಕ್ರಮವನ್ನು ತಂದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟರ್ ಹೀಡೆನ್ 1987ರ ತಮ್ಮ ಪ್ರಬಂಧದಲ್ಲಿ ಅದನ್ನು ಇನ್ನಷ್ಟು ಖಚಿತಗೊಳಿಸಿ, ಅಪಘಾತ ತಪ್ಪಿಸಲು ಸವಾರ ಮುಂದಾದ ಕ್ಷಣದಲ್ಲಿ ಡಿಕ್ಕಿಗೆ ಎಷ್ಟು ಸಮಯ ಉಳಿದಿತ್ತು ಮತ್ತು ಆಗಿನ ವೇಗವೆಷ್ಟಿತ್ತು ಎಂಬ ಎರಡನ್ನೂ ಸೇರಿಸಿ ಘಟನೆಯ ತೀವ್ರತೆಯನ್ನು ಅಳೆಯುವ ವಿಧಾನವನ್ನು ಕಟ್ಟಿಕೊಟ್ಟರು. ನಾನು ಹಿಡಿದದ್ದು ಇದೇ ದಾರಿಯನ್ನು.

ಮೊದಲು ಯಾವುದನ್ನು ಎಣಿಸಬೇಕು ಎಂಬುದು ತೀರ್ಮಾನವಾಗಬೇಕಿತ್ತು. ಸೈಕಲ್ಲಿನ ಪಕ್ಕದಲ್ಲಿ ಕಾರು ಹಾದುಹೋದ ಮಾತ್ರಕ್ಕೆ ಅದನ್ನು ಒಡನಾಟ ಎನ್ನಲಾಗದು. ಇಬ್ಬರು ಇನ್ನು ಕೆಲವೇ ಕ್ಷಣಗಳಲ್ಲಿ ಒಂದೇ ಜಾಗಕ್ಕೆ ಬರುವ ಸಂಭವವಿದ್ದು, ಆ ಸಂಭವದ ಪ್ರಭಾವ ಅವರ ನಡವಳಿಕೆಯ ಮೇಲೆ ಕಾಣುವಂತಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆವು. ರಸ್ತೆ ಬಳಸುವವರ ನಡವಳಿಕೆಯ ಸಂಶೋಧಕ ಗುಸ್ತಾವ್ ಮಾರ್ಕುಲ ಮತ್ತು ಸಂಗಡಿಗರು 2020ರಲ್ಲಿ ಕೊಟ್ಟ ವ್ಯಾಖ್ಯೆಯೂ ಸರಿಸುಮಾರು ಇದೇ. ಓದುವಾಗ ಸರಳವೆನಿಸಿದ ಈ ಮಾತು ನಮ್ಮನ್ನು ಎಷ್ಟು ಕಾಡಲಿದೆ ಎಂಬುದು ವಿಡಿಯೊ ಮುಂದೆ ಕುಳಿತಾಗ ಗೊತ್ತಾಯಿತು.

ಸಂಚಾರ ಪೊಲೀಸರಿಂದ ಅನುಮತಿ ಪಡೆದು, ಪಾದಚಾರಿ ಮೇಲ್ಸೇತುವೆಯ ಕಂಬಿಗೆ ಕ್ಯಾಮೆರಾ ಕಟ್ಟಿ, ಒಂದು ಬಸ್ ನಿಲ್ದಾಣ ಮತ್ತು ಅದರ ಮುಂದಿನ ಸರ್ವಿಸ್ ರಸ್ತೆಯ ತೆರಪು ಎರಡೂ ಕಾಣುವಂತೆ ಹೊಂದಿಸಿದೆವು. ಮೊದಲ ವಾರ ಬೆಳಗಿನ ಎಂಟೂವರೆಯಿಂದ ಹತ್ತೂವರೆವರೆಗೆ ಚಿತ್ರೀಕರಿಸಿದೆವು, ಏಕೆಂದರೆ ವಾಹನ ದಟ್ಟಣೆ ಆಗಲೇ ಹೆಚ್ಚು. ಅದು ನನ್ನಿಂದಾದ ತಪ್ಪು. ಆ ಹೊತ್ತಿನಲ್ಲಿ ಕಂಡ ಸೈಕಲ್ ಸವಾರರು ಬೆರಳೆಣಿಕೆಯಷ್ಟು ಮಂದಿ. ಈ ಪಥವನ್ನು ದಿನವೂ ಬಳಸುತ್ತಿದ್ದವರು ಟೆಕ್ ಪಾರ್ಕುಗಳ ಸೆಕ್ಯುರಿಟಿ ಗಾರ್ಡ್‌ಗಳು, ಹೌಸ್‌ಕೀಪಿಂಗ್‌ನವರು, ಕಟ್ಟಡ ಕೆಲಸದವರು. ಅವರ ಪಾಳಿ ಬದಲಾಗುವುದು ಬೆಳಗಿನ ಆರರಿಂದ ಎಂಟರೊಳಗೆ ಮತ್ತು ಸಂಜೆ ಏಳರ ನಂತರ. ಮೇಲ್ಸೇತುವೆಯ ಕೆಳಗೆ ಟೀ ಮಾರುವವರು ಇದನ್ನು ಹೇಳದೇ ಹೋಗಿದ್ದರೆ, ಪಥವನ್ನು ಯಾರೂ ಬಳಸುವುದಿಲ್ಲ ಎಂದು ನಾನೂ ಬರೆದುಬಿಡುತ್ತಿದ್ದೆನೋ ಏನೋ. ವೇಳೆಯನ್ನು ಬದಲಿಸಿ ಮೊದಲಿನಿಂದ ಆರಂಭಿಸಿದೆವು.

ವಿಡಿಯೊದಿಂದ ದೂರ ಮತ್ತು ವೇಗವನ್ನು ತೆಗೆಯಬೇಕಾದರೆ ಚಿತ್ರದೊಳಗಿನ ಬಿಂದುಗಳನ್ನು ನೆಲದ ಮೇಲಿನ ಬಿಂದುಗಳಿಗೆ ಹೊಂದಿಸಬೇಕು. ಒಂದು ಭಾನುವಾರ ಬೆಳಕು ಹರಿಯುತ್ತಿದ್ದಂತೆಯೇ ಟೇಪು ಹಿಡಿದು ಬೊಲಾರ್ಡ್‌ಗಳ ನಡುವಿನ ಅಂತರವನ್ನೂ ಬಿಳಿ ಪಟ್ಟೆಗಳ ಉದ್ದವನ್ನೂ ಅಳೆದುಕೊಂಡು ಬಂದೆವು. ಈ ಕೆಲಸ ಮಾಡುವವರಿಗೆ ಒಂದು ಮಾತು: ಸವಾರನ ತಲೆಯನ್ನೋ ಸೀಟನ್ನೋ ಗುರುತಿಸಬೇಡಿ, ಟೈರು ನೆಲವನ್ನು ಮುಟ್ಟುವ ಜಾಗವನ್ನೇ ಗುರುತಿಸಿ. ಎತ್ತರದಲ್ಲಿರುವ ಬಿಂದುವನ್ನು ನೆಲದ ಅಳತೆಗೆ ಇಳಿಸಿದಾಗ ಅದು ಕ್ಯಾಮೆರಾದಿಂದ ಇನ್ನೂ ಆಚೆಗೆ ಸರಿದಂತೆ ಬರುತ್ತದೆ, ಮತ್ತು ಅರ್ಧ ಮೀಟರ್‌ನ ಲೆಕ್ಕದಲ್ಲಿ ಆ ತಪ್ಪು ಇಡೀ ಫಲಿತಾಂಶವನ್ನು ಕೆಡಿಸುತ್ತದೆ.

ನಾವು ತೆಗೆದ ಅಳತೆಗಳು ಎರಡು. ಇಬ್ಬರೂ ಈಗಿನ ವೇಗದಲ್ಲೇ ಮುಂದುವರಿದರೆ ಡಿಕ್ಕಿಗೆ ಉಳಿದಿರುವ ಸಮಯ ಮೊದಲನೆಯದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುತ್ತಿರುವ ಸೈಕಲ್ಲಿನ ಹಿಂದೆ 12 ಮೀಟರ್ ದೂರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದ ಕಾರು ಬರುತ್ತಿದ್ದರೆ ಉಳಿದದ್ದು 2 ಸೆಕೆಂಡ್. ಒಬ್ಬರು ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬರು ಎಷ್ಟು ಹೊತ್ತಿನಲ್ಲಿ ಬಂದರು ಎಂಬುದು ಎರಡನೆಯದು. ಸೆಕೆಂಡಿಗೆ 30 ಚೌಕಟ್ಟುಗಳಿರುವ, ಅಂದರೆ 30 ಬಿಡಿ ಚಿತ್ರಗಳಿರುವ, ವಿಡಿಯೊದಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಒಂದು ಬಿಂದುವನ್ನು ದಾಟಿದ 27 ಚೌಕಟ್ಟುಗಳ ನಂತರ ಸ್ಕೂಟರ್‌ನ ಮುಂದಿನ ಗಾಲಿ ಅದೇ ಬಿಂದುವಿಗೆ ಬಂದರೆ ಅಂತರ 0.9 ಸೆಕೆಂಡ್. ಒಂದೂವರೆ ಸೆಕೆಂಡಿಗಿಂತ ಕಡಿಮೆಯಾದದ್ದನ್ನು ಗಂಭೀರವೆಂದು ನೋಡುವುದು ಈ ಕ್ಷೇತ್ರದಲ್ಲಿ ಸಾಮಾನ್ಯ ರೂಢಿ. ನಾವೂ ಅದನ್ನೇ ಇಟ್ಟುಕೊಂಡೆವು.

ವಿದ್ಯಾರ್ಥಿಗಳಿಬ್ಬರೂ ಪರಸ್ಪರ ಮಾತನಾಡಿಕೊಳ್ಳದೆ, ಒಂದೇ ವಿಡಿಯೊ ನೋಡಿ ಬೇರೆ ಬೇರೆಯಾಗಿ ಹಾಳೆ ತುಂಬಬೇಕೆಂಬುದು ನಿಯಮವಾಗಿತ್ತು. ಸಂಖ್ಯೆಗಳು ಹೊಂದಿಕೊಂಡವು, ಆದರೆ 'ಒಡನಾಟ ಇದೆ, ಇಲ್ಲ' ಎಂಬ ಮೊದಲ ಕಾಲಮ್ಮಿನಲ್ಲೇ ಇಬ್ಬರೂ ಬೇರೆಯಾದರು. ಅವರ ನಡುವೆ ಹೆಚ್ಚು ವಾದ ನಡೆದ ಒಂದು ತುಣುಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಸಮವಸ್ತ್ರದ ಒಬ್ಬ ಗಾರ್ಡ್, ಹ್ಯಾಂಡಲಿಗೆ ಊಟದ ಚೀಲ ತೂಗುಹಾಕಿಕೊಂಡು ಪಥದಲ್ಲಿ ಬರುತ್ತಿದ್ದಾರೆ. ಮುಂದೆ ನಿಲ್ದಾಣದಲ್ಲಿ ಬಸ್ಸು ನಿಂತಿದೆ. ಬಸ್ಸಿಗೆ ಇನ್ನೂ ಮೂವತ್ತು ಮೀಟರ್ ದೂರವಿರುವಾಗಲೇ ಅವರು ತುಳಿಯುವುದನ್ನು ನಿಲ್ಲಿಸುತ್ತಾರೆ. ಇಪ್ಪತ್ತು ಮೀಟರ್‌ನಲ್ಲಿ ಎಡಗಾಲು ಇಳಿಸಿ ಅಂಚುಕಲ್ಲಿನ ಮೇಲೆ ಊರುತ್ತಾರೆ. ಬಸ್ಸಿನಿಂದ ಇಬ್ಬರು ಮಹಿಳೆಯರು ಇಳಿದು ಪಥವನ್ನು ದಾಟುತ್ತಾರೆ. ಹಿಂದಿನಿಂದ ಒಂದು ಸ್ಕೂಟರು ಕಿತ್ತುಹೋದ ಬೊಲಾರ್ಡಿನ ಸಂದಿಯಿಂದ ಒಳಗೆ ಬಂದು ಗಾರ್ಡ್ ಪಕ್ಕದಲ್ಲೇ ನುಸುಳಿ ಹೋಗುತ್ತದೆ. ಎದುರಿನಿಂದ ರಾಂಗ್ ಸೈಡಿನಲ್ಲಿ ಇನ್ನೊಂದು ಬೈಕು ಬರುತ್ತದೆ; ಗಾರ್ಡ್ ತಮ್ಮ ಸೈಕಲ್ಲಿನ ಮುಂಗಾಲಿಯನ್ನು ಕೈಯಿಂದ ಎತ್ತಿ ಅಂಚಿಗೆ ಇಡುತ್ತಾರೆ. ಬಸ್ಸು ಹೊರಟ ಮೇಲೆ ಹಿಂದಕ್ಕೆ ತಿರುಗಿ ನೋಡಿ, ಮತ್ತೆ ಪೆಡಲ್ ಒತ್ತುತ್ತಾರೆ.

ನಮ್ಮ ಅಳತೆಗಳ ಪ್ರಕಾರ ಇಲ್ಲಿ ಏನೂ ನಡೆದಿಲ್ಲ. ಅಷ್ಟು ಹೊತ್ತು ಆ ಮನುಷ್ಯ ಯಾರ ದಾರಿಗೂ ಬರದ ಕಾರಣ ಡಿಕ್ಕಿಗೆ ಉಳಿದ ಸಮಯ ಎಂಬುದೇ ಹುಟ್ಟುವುದಿಲ್ಲ. ಹಾಳೆಯಲ್ಲಿ ಅದು ಸುರಕ್ಷಿತ. ಹಾಗೆ ಬರೆದಿದ್ದ ವಿದ್ಯಾರ್ಥಿ ನಿಯಮದ ಪ್ರಕಾರವೇ ಬರೆದಿದ್ದ, ಅದನ್ನು ಒಪ್ಪದ ವಿದ್ಯಾರ್ಥಿನಿ, "ಸರ್, ಅವರೊಬ್ಬರೇ ಎಲ್ಲರಿಗೂ ದಾರಿ ಬಿಟ್ಟರಲ್ಲ, ಅದನ್ನು ಎಲ್ಲಿ ಬರೆಯುವುದು?" ಎಂದು ಕೇಳಿದಳು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಿಂದಿನ ತುಣುಕುಗಳನ್ನು ತಿರುಗಿ ನೋಡಿದಾಗ, ನಾವು ಸುರಕ್ಷಿತವೆಂದು ಗುರುತಿಸಿದ ಅನೇಕ ಘಟನೆಗಳು ಹೀಗೆ ಸೈಕಲ್ ಸವಾರ ಮುಂಚಿತವಾಗಿಯೇ ನಿಂತು, ಇಳಿದು, ಸರಿದು ಉಳಿಸಿಕೊಂಡ ಸುರಕ್ಷತೆಯಾಗಿದ್ದವು.

ಮೇಲಿನಿಂದ ನೋಡಿದ್ದು ಸಾಲದು ಎನಿಸಿ, ಹಿಂದಿನ ಕ್ಯಾರಿಯರಿಗೆ ದೂರ ಅಳೆಯುವ ಒಂದು ಸೆನ್ಸರನ್ನೂ ಹ್ಯಾಂಡಲಿಗೆ ಒಂದು ಕ್ಯಾಮೆರಾವನ್ನೂ ಕಟ್ಟಿಕೊಂಡು ನಾನೇ ಆ ಪಥದಲ್ಲಿ ತುಳಿದೆ. ಸೆನ್ಸರಿನಿಂದ ಬರುವ ಅಂತರದಲ್ಲಿ ಹ್ಯಾಂಡಲಿನ ತುದಿ ಎಷ್ಟು ಆಚೆಗಿದೆಯೋ ಅಷ್ಟನ್ನು ಕಳೆಯಬೇಕು, ಇಲ್ಲದಿದ್ದರೆ ಎಲ್ಲ ವಾಹನಗಳೂ ಇದ್ದುದಕ್ಕಿಂತ ದೂರದಲ್ಲಿ ಹೋದಂತೆ ಕಾಣುತ್ತವೆ. ಮೇಲ್ಸೇತುವೆಯ ಕ್ಯಾಮೆರಾಕ್ಕೆ ಸಿಗದೇ ಹೋದದ್ದು ಇಲ್ಲಿ ಸಿಕ್ಕಿತು: ಆಟೊ ಚಾಲಕ ಎಡಕ್ಕೆ ತಿರುಗುವ ಮುನ್ನ ಇಂಡಿಕೇಟರ್ ಹಾಕುವುದು ಕಡಿಮೆ, ಆದರೆ ಕಾಲನ್ನೋ ಕೈಯನ್ನೋ ಹೊರಗೆ ಚಾಚುತ್ತಾನೆ, ಕಾರಿನ ಮುಂದಿನ ಗಾಲಿ ತಿರುಗಲು ಆರಂಭಿಸಿತೇ ಎಂದು ಸವಾರ ಗಾಜಿನತ್ತ ನೋಡದೆ ನೆಲದತ್ತ ನೋಡುತ್ತಾನೆ, ಏಕೆಂದರೆ ಕಪ್ಪು ಗಾಜಿನ ಹಿಂದಿನ ಕಣ್ಣು ಕಾಣುವುದಿಲ್ಲ. ನಾನೂ ಹಾಗೆಯೇ ಮಾಡುತ್ತಿದ್ದೇನೆ ಎಂಬುದು ವಿಡಿಯೊದಲ್ಲಿ ನನ್ನದೇ ತಲೆಯ ನೆರಳು ಬಾಗುವುದನ್ನು ನೋಡಿದಾಗ ಅರಿವಾಯಿತು.

ಪಾಳಿ ಮುಗಿಸಿ ಬರುವವರ ಜೊತೆ ಟೀ ಅಂಗಡಿಯಲ್ಲಿ ನಿಂತು ಮಾತನಾಡಿದ್ದು ಈ ಅಧ್ಯಯನದ ಅತಿ ಬೆಲೆಯುಳ್ಳ ಭಾಗವೆಂದು ಈಗ ನಂಬಿದ್ದೇನೆ. ರಾಯಚೂರು ಕಡೆಯ ಒಬ್ಬ ಗಾರ್ಡ್‌ಗೆ, ಬೆಲ್ ಹೊಡೆದು ಮುಂದೆ ಹೋಗಬಹುದಲ್ಲ ಎಂದು ಕೇಳಿದೆ. "ಎಲ್ಲಿ ಬೆಲ್ ಹೊಡೀತೀರಿ ಸರ, ಯಾರಿಗೂ ಕೇಳ್ಸಂಗಿಲ್ಲ. ಗಾಡಿಯವರು ನಿಂದ್ರಂಗಿಲ್ಲ ಅಂತ ಗೊತ್ತೈತಿ, ಅದಕ ನಾನಾ ಮೊದ್ಲ ನಿಂದ್ರತೀನಿ. ಬಿದ್ರ ಆವತ್ತಿನ ಪಗಾರ ಹೋಗ್ತೈತ್ರಿ" ಎಂದರು. ಅವರ ಲೆಕ್ಕದಲ್ಲಿ ಅಪಾಯದ ಅಳತೆ ಸೆಕೆಂಡಿನಲ್ಲಿರದೆ ಪಗಾರದಲ್ಲಿತ್ತು. ವಾರದ ಕೊನೆಯಲ್ಲಿ ಗುಂಪಾಗಿ, ಗೇರ್ ಸೈಕಲ್ಲಿನಲ್ಲಿ ಬರುವ ಸವಾರರು ಅದೇ ಜಾಗದಲ್ಲಿ ಕೈ ಮುಂದೆ ಚಾಚಿ ಕಾರನ್ನು ತಡೆದು ದಾಟುವುದನ್ನು ನಾವು ನೋಡಿದ್ದೆವು. ಪಥವೊಂದೇ, ನಿಯಮವೊಂದೇ ಆದರೂ ಒಬ್ಬೊಬ್ಬರು ಅದರ ಮೇಲೆ ಇಟ್ಟುಕೊಂಡಿರುವ ಹಕ್ಕು ಬೇರೆ ಬೇರೆ.

ಆ ನಂತರ ಹಾಳೆಗೆ 'ಯಾರು ದಾರಿ ಬಿಟ್ಟರು' ಮತ್ತು 'ಎಷ್ಟು ದೂರದಿಂದ' ಎಂಬ ಎರಡು ಕಾಲಮ್ಮುಗಳನ್ನು ಸೇರಿಸಿ ಎಲ್ಲ ವಿಡಿಯೊಗಳನ್ನೂ ಮತ್ತೆ ನೋಡಿದೆವು. ವೇಗ ತಗ್ಗಿಸುವುದು, ಕಾಲೂರುವುದು, ಪಥ ಬಿಟ್ಟು ಸರಿಯುವುದು, ಇವಕ್ಕೆ ಕಣ್ಣಿಗೆ ಕಾಣುವ ಗುರುತುಗಳನ್ನು ಬರೆದಿಟ್ಟುಕೊಂಡ ಮೇಲೆ ಇಬ್ಬರ ಹಾಳೆಗಳೂ ಹತ್ತಿರ ಬಂದವು. ಹೀಗೆ ನೋಡಿದಾಗ ಜಾಗಗಳ ಕ್ರಮವೇ ಬದಲಾಯಿತು. ಸಮಯದ ಅಳತೆಯಲ್ಲಿ ಸರ್ವಿಸ್ ರಸ್ತೆಯ ತೆರಪು ಅಪಾಯಕಾರಿಯಾಗಿಯೂ ಬಸ್ ನಿಲ್ದಾಣ ಶಾಂತವಾಗಿಯೂ ಕಂಡಿತ್ತು. ದಾರಿ ಬಿಟ್ಟವರ ಲೆಕ್ಕದಲ್ಲಿ ನಿಲ್ದಾಣವೇ ಸೈಕಲ್ ಸವಾರನಿಗೆ ಹೆಚ್ಚು ಭಾರವಾದ ಜಾಗ. ಅಲ್ಲಿ ಇಳಿಯುವ ಪ್ರಯಾಣಿಕರದ್ದು ತಪ್ಪೆಂದು ನಾನು ಹೇಳಲಾರೆ. ಬಸ್ಸಿನಿಂದ ಕಾಲಿಟ್ಟರೆ ಸಿಗುವುದೇ ಸೈಕಲ್ ಪಥ ಎಂಬಂತೆ ಇಟ್ಟಾಗ ಅವರು ಇನ್ನೆಲ್ಲಿ ನಿಲ್ಲಬೇಕು? ಪಥವನ್ನು ನಿಲ್ದಾಣದ ಹಿಂಭಾಗದಿಂದ ಸುತ್ತಿಸಿ, ಇಳಿಯುವವರಿಗೆ ನಿಲ್ಲಲು ಒಂದು ದಿಬ್ಬ ಬಿಟ್ಟರೆ ಈ ಜಗ್ಗಾಟ ಬಹುಮಟ್ಟಿಗೆ ತಪ್ಪುತ್ತದೆ.

ಪಥದೊಳಗೆ ನುಗ್ಗುವ ದ್ವಿಚಕ್ರ ವಾಹನಗಳು ನಮ್ಮ ಊರಿನ ಶಿಸ್ತಿನ ಕೊರತೆ ಮಾತ್ರ ಎನ್ನುವವರಿಗೆ ಆಮ್‌ಸ್ಟರ್‌ಡ್ಯಾಮ್‌ನ ಉದಾಹರಣೆ ಕೊಡುತ್ತೇನೆ. ಅಲ್ಲಿ ಗಂಟೆಗೆ 25 ಕಿಲೋಮೀಟರ್ ಮಿತಿಯ ಹಗುರ ಮೊಪೆಡ್‌ಗಳಿಗೆ ಸೈಕಲ್ ಪಥದಲ್ಲೇ ಓಡಾಡುವ ಅವಕಾಶವಿತ್ತು. 2019ರ ಏಪ್ರಿಲ್ 8ರಿಂದ ನಗರದ ಎ10 ವರ್ತುಲ ರಸ್ತೆಯ ಒಳಗೆ ಅವುಗಳನ್ನು ಮುಖ್ಯ ರಸ್ತೆಗೆ ಕಳಿಸಿ, ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಲಾಯಿತು. ಸೈಕಲ್ಲಿಗೆ ಹೆಸರಾದ ನಗರಕ್ಕೂ ನಿಯಮವನ್ನೇ ಬದಲಿಸಬೇಕಾಯಿತು. ನಮ್ಮಲ್ಲಿ ಕಿತ್ತುಹೋದ ಒಂದು ಬೊಲಾರ್ಡನ್ನು ಮರಳಿ ನೆಡುವವರು ಯಾರು ಎಂಬ ಪ್ರಶ್ನೆಗೇ ಉತ್ತರ ಸಿಗದೆ ನಾನು ಕಚೇರಿಯಿಂದ ಕಚೇರಿಗೆ ಅಲೆದದ್ದುಂಟು. ಕಿತ್ತ ಬೊಲಾರ್ಡುಗಳ ಜಾಗವನ್ನೂ ಸ್ಕೂಟರುಗಳು ಒಳಬಂದ ಜಾಗವನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿದಾಗ ಅವೆರಡೂ ಒಂದರ ಮೇಲೊಂದು ಕುಳಿತವು. ಆ ನಕ್ಷೆಯನ್ನು ಕೊಟ್ಟು ಬಂದೆ.

ಮೆಟ್ರೊ ಕಾಮಗಾರಿ ಬಂದ ಮೇಲೆ ಪಥ ಅಲ್ಲಲ್ಲಿ ಮಾಯವಾಗಿ, ಅದರ ಜಾಗಕ್ಕೆ ತಗಡಿನ ತಡೆಗೋಡೆಗಳು ಬಂದವು. ಆದರೂ ನಾವು ಅದೇ ಮೇಲ್ಸೇತುವೆಯಿಂದ ಇನ್ನೊಂದು ವಾರ ಚಿತ್ರೀಕರಿಸಿದೆವು. ಅದೇ ಪಾಳಿ, ಬಹುಪಾಲು ಅದೇ ಜನ. ತಡೆಗೋಡೆ ಶುರುವಾಗುವಲ್ಲಿ ಅವರು ಇಳಿದು, ಸೈಕಲ್ಲನ್ನು ಎತ್ತಿ ಫುಟ್‌ಪಾತಿನ ಮೇಲಿಟ್ಟು, ತಳ್ಳಿಕೊಂಡು ಹೋಗುತ್ತಿದ್ದರು. ಹಾಳೆಯಲ್ಲಿ ಇದಕ್ಕೂ ಗುರುತು ಇರಲಿಲ್ಲ. 'ಇಳಿದು ತಳ್ಳಿದರು' ಎಂದು ಹೊಸದೊಂದು ಕಾಲಮ್ಮು ಮಾಡಿ, ಬೆಳಗಿನ ಆರು ಗಂಟೆಯ ವಿಡಿಯೊದಿಂದ ಮತ್ತೆ ತುಂಬಲು ಕುಳಿತೆವು.