ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ನೆರವಾಗುವ ಬಗೆ

ಕೌಟುಂಬಿಕ ಹಿಂಸೆ ಎಂದರೆ ಹೊಡೆತ ಬಡಿತ ಮಾತ್ರ ಎಂದುಕೊಂಡರೆ ಅದರ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ದಿನವೂ ಫೋನ್ ಕಿತ್ತುಕೊಂಡು ಯಾರ ಜೊತೆ ಮಾತಾಡಿದೆ ಎಂದು ತಡಕುವುದು, ದುಡಿದ ಹಣವನ್ನು ತೆಗೆದುಕೊಂಡು ಪ್ರತಿ ಖರ್ಚಿಗೂ ಲೆಕ್ಕ ಕೇಳುವುದು, ಹೆತ್ತವರನ್ನೂ ಗೆಳೆಯರನ್ನೂ ಒಬ್ಬೊಬ್ಬರಾಗಿ ದೂರ ಮಾಡಿಸುವುದು, ಮಕ್ಕಳನ್ನು ನೋಡಲು ಬಿಡುವುದಿಲ್ಲವೆಂದು ಹೆದರಿಸುವುದು ಕೂಡ ಹಿಂಸೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಒಂದೇಟೂ ಬೀಳದ ಇಂಥ ಹಿಡಿತವನ್ನೂ ಅಪರಾಧವೆಂದೇ ಪರಿಗಣಿಸಿತು. ಗಂಡಸರೂ ವೃದ್ಧರೂ ಇದಕ್ಕೆ ಒಳಗಾಗುತ್ತಾರೆ. ಆದರೆ ಹೆಚ್ಚಿನ ಭಾರ ಹೆಂಗಸರ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ, ಸಂಗಾತಿಯನ್ನು ಹೊಂದಿದ್ದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇಕಡಾ 27ರಷ್ಟು ಮಂದಿ ಆ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ.

ನೋವನ್ನು ಹೇಳಿಕೊಳ್ಳಲು ಬಂದವರು ನೇರವಾಗಿ ಹೇಳುವುದು ಅಪರೂಪ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಾ, ಬಾಗಿಲ ಕಡೆ ನೋಡುತ್ತಾ, "ಏನಿಲ್ಲ, ಅವರಿಗೆ ಸ್ವಲ್ಪ ಕೋಪ ಜಾಸ್ತಿ" ಎನ್ನುತ್ತಾರೆ. ಆಗ ಬೇರೆ ಯಾರೂ ಇಲ್ಲದ ಜಾಗದಲ್ಲಿ ಕುಳಿತು, ಮಧ್ಯೆ ಬಾಯಿ ಹಾಕದೆ ಕೇಳಿ. "ನಿಮ್ಮ ಮಾತನ್ನು ನಂಬುತ್ತೇನೆ, ಇದು ನಿಮ್ಮ ತಪ್ಪಲ್ಲ, ಈಗ ನನ್ನಿಂದ ಏನಾಗಬೇಕು?" ಎಂಬಷ್ಟು ಸಾಕು. "ಬಿಟ್ಟು ಬರಬಾರದೇಕೆ?" ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಹಣ, ಮಕ್ಕಳು, ಹೆದರಿಕೆ, ಇನ್ನೂ ಆರದ ಪ್ರೀತಿ ಇವೆಲ್ಲ ಕಾಲಿಗೆ ತೊಡರುತ್ತವೆ. ಅಷ್ಟೇ ಅಲ್ಲ, ಹಿಡಿತ ತಪ್ಪುತ್ತಿದೆ ಎಂದು ಹಿಂಸಿಸುವವರಿಗೆ ತಿಳಿಯುವ ಕಾರಣ, ಹೊರಡುವ ಹೊತ್ತೂ ಅದರ ನಂತರದ ದಿನಗಳೂ ಹೆಚ್ಚು ಅಪಾಯದವು. ಯಾವಾಗ, ಹೇಗೆ ಎಂಬ ತೀರ್ಮಾನವನ್ನು ಅವರಿಗೇ ಬಿಡಬೇಕು. ಇಷ್ಟು ದಿನ ಅವರಿಂದ ಕಸಿದುಕೊಂಡದ್ದೂ ಅದನ್ನೇ.

ಕತ್ತು ಹಿಸುಕಿದ ಮಾತು ಬಂದರೆ ಅದನ್ನು ಹಗುರವಾಗಿ ಬಿಡಬಾರದು. ಚರ್ಮದ ಮೇಲೆ ಗುರುತೇ ಇಲ್ಲದೆಯೂ ಒಳಗೆ ಪೆಟ್ಟಾಗಿರಬಹುದು. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ತಲೆ ಸುತ್ತಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೀಗೆ ಒಮ್ಮೆ ನಡೆದಿದ್ದರೆ ಮುಂದೆ ಪ್ರಾಣಕ್ಕೇ ಕುತ್ತು ಬರುವ ಸಂಭವ ಹಲವು ಪಟ್ಟು ಹೆಚ್ಚುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಮನೆಯಲ್ಲಿ ಬಂದೂಕು ಇರುವುದೂ ಕೊಲ್ಲುತ್ತೇನೆಂಬ ಬೆದರಿಕೆಯೂ ಇಂಥದ್ದೇ ಮುನ್ಸೂಚನೆಗಳು.

ಅವರು ಒಪ್ಪಿದರೆ ಕೂಡಿ ಒಂದು ಸುರಕ್ಷತಾ ಯೋಜನೆ ಮಾಡಿ. ಗುರುತಿನ ಚೀಟಿ, ಬ್ಯಾಂಕ್ ಕಾಗದಗಳು, ಔಷಧಿ, ಇನ್ನೊಂದು ಕೀಲಿಕೈ ಇವನ್ನು ನಿಮ್ಮಲ್ಲಿ ಇಡಬಹುದು. ಫೋನಿನಲ್ಲಿ ಹೇಳಿದ ಕೂಡಲೇ ನೀವು ಪೊಲೀಸರಿಗೆ ತಿಳಿಸಬೇಕಾದ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಬಹುದು. ಅವರ ಫೋನನ್ನು ಬೇರೆಯವರು ನೋಡುತ್ತಿರಬಹುದಾದ್ದರಿಂದ ಸಂದೇಶ ಕಳಿಸುವ ಮುನ್ನ ಯೋಚಿಸಿ. ನೆರವು ಬೇಕೆಂದು ಸದ್ದಿಲ್ಲದೆ ತಿಳಿಸಲು 2020ರಲ್ಲಿ ಕೆನಡಾದಿಂದ ಹರಡಿದ ಒಂದು ಕೈಸನ್ನೆಯೂ ನೆನಪಿರಲಿ: ಅಂಗೈಯನ್ನು ಎದುರಿನವರಿಗೆ ತೋರಿಸಿ, ಹೆಬ್ಬೆರಳನ್ನು ಒಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚುವುದು. ಹಿಂಸಿಸುವವರನ್ನು ನೀವೇ ಎದುರಿಸಲು ಹೋಗಬೇಡಿ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲೂ ಬೇಡಿ; ಅದರ ಸಿಟ್ಟು ಬಾಗಿಲು ಮುಚ್ಚಿದ ಮೇಲೆ ಹಿಂಸೆಗೆ ಒಳಗಾದವರ ಮೇಲೆಯೇ ತಿರುಗುತ್ತದೆ.

ಬಿಟ್ಟು ಬಂದವರು ಮತ್ತೆ ಆ ಮನೆಗೇ ಹೋಗಬಹುದು, ಒಂದಲ್ಲ, ಹಲವು ಸಲ. ಆಗಲೂ ಮುನಿಸಿಕೊಳ್ಳದೆ, ಮೊದಲು ಗೊತ್ತುಮಾಡಿಕೊಂಡ ದಿನ, ಗೊತ್ತುಮಾಡಿಕೊಂಡ ಹೊತ್ತಿಗೆ ಫೋನ್ ಮಾಡಿ.